ಗಡಿಬಿಡಿಗೆ ಪಾಠ ಹೇಳಿದವರು

ಜೂನ್ ೨

ಪ್ರೀತಿಯ ಮಗಳಿಗೆ,

ನೀನು ಕಳಿಸಿದ ಬುಟ್ಟಿ ತಲುಪಿದೆ. ನಿಮ್ಮ ಪ್ರಾಣಿ ಆಸ್ಪತ್ರೆಯ ಡ್ರೈವರ್ ಅದನ್ನು ನನ್ನ ಕೈಗೆ ತುರುಕಿ, ಒಂದು ಲೋಟ ನೀರನ್ನೂ ಕುಡಿಯದೆ ಕಾಲಿಗೆ ಬುದ್ಧಿ ಹೇಳಿದ. ಮುಚ್ಚಳ ತೆಗೆದ ಮೇಲೆ ಅವನು ಯಾಕೆ ಓಡಿದ ಎಂದು ಗೊತ್ತಾಯಿತು. ಒಂದು ಕಿವಿ ಎದ್ದು ಇನ್ನೊಂದು ಮಲಗಿರುವ ಈ ಕಂದು ನಾಯಿಮರಿ ಸಂಜೆಯೊಳಗೆ ನನ್ನ ಎಡಗಾಲಿನ ಚಪ್ಪಲಿ, ಅಳತೆ ಟೇಪು ಮತ್ತು ಸೋಫಾದ ಒಂದು ಮೂಲೆಯನ್ನು ತಿಂದು ಮುಗಿಸಿತು. ಬಲಗಾಲಿನ ಚಪ್ಪಲಿಯನ್ನು ಮುಟ್ಟಲಿಲ್ಲ. ಅದರಲ್ಲೂ ಏನೋ ಲೆಕ್ಕಾಚಾರ ಇರಬೇಕು. ಗಡಿಬಿಡಿ ಎಂದು ಹೆಸರಿಟ್ಟಿದ್ದೇನೆ.

ಹಾಸ್ಟೆಲಿನಲ್ಲಿ ನಾಯಿ ಸಾಕಲು ಬಿಡುವುದಿಲ್ಲ, ನೀನೇ ನೋಡಿಕೋ ಎಂದು ಚೀಟಿ ಇಟ್ಟಿದ್ದೀಯಾ. ನಾನು ನಿನ್ನನ್ನು ಹೆತ್ತವಳು. ಚಿಕ್ಕವಳಿದ್ದಾಗ ನೀನು ಹೇಳದೆ ಕೇಳದೆ ಪಾತ್ರೆ ತೊಳೆದಿಟ್ಟರೆ ಅದರ ಹಿಂದೆ ಶಾಲೆಯ ಪ್ರವಾಸ ಇರುತ್ತಿತ್ತು. ಈಗ ಹೇಳದೆ ಕೇಳದೆ ನಾಯಿಮರಿ ಬಂದಿದೆ. ಇದರ ಹಿಂದೆ ಏನಿದೆ?

ಹೋದ ಸಲ ಬಂದಾಗ ನೀನು ನನ್ನ ಮುಖವನ್ನೇ ನೋಡುತ್ತಾ ಕೂತಿದ್ದೆ. ಅಡುಗೆಮನೆಯಲ್ಲಿ ನನ್ನ ಬೆನ್ನ ಹಿಂದೆ ನಿಂತು ಏನೋ ಹೇಳಿ, ನಾನು ತಿರುಗುತ್ತೇನೋ ಇಲ್ಲವೋ ಎಂದು ಕಾಯುತ್ತಿದ್ದೆ. ಕಿಟಕಿಯ ಗಾಜಿನಲ್ಲಿ ನನಗೆ ಎಲ್ಲವೂ ಕಾಣುತ್ತದೆ. ಹೆತ್ತ ತಾಯಿಯನ್ನು ಪರೀಕ್ಷೆ ಮಾಡುವ ಬುದ್ಧಿ ಎಲ್ಲಿಂದ ಬಂತು?

ಫೋನ್ ಮಾಡಬೇಡ. ಲೈನಿನಲ್ಲಿ ಬರೀ ಕರಕರ. ಬರೆದರೆ ಎರಡು ಸಲ ಓದಬಹುದು, ಎರಡನೆಯ ಸಲ ಸುಳ್ಳು ಎದ್ದು ಕಾಣುತ್ತದೆ.

ಒಂಟಿ ಚಪ್ಪಲಿಯ
ನಿನ್ನ ಅಮ್ಮ


ಜೂನ್ ೧೦

ಅಮ್ಮಾ,

ಹಿಂದೆ ಏನೂ ಇಲ್ಲ, ಮುಂದೆ ಒಂದು ನಾಯಿಮರಿ ಇದೆ, ಅಷ್ಟೇ. ಯಾರೋ ಅದನ್ನು ರಟ್ಟಿನ ಡಬ್ಬದಲ್ಲಿ ಹಾಕಿ ನಮ್ಮ ಆಸ್ಪತ್ರೆಯ ಗೇಟಿನ ಮುಂದೆ ಬಿಟ್ಟುಹೋಗಿದ್ದರು. ನಮ್ಮ ಡಾಕ್ಟರಮ್ಮ ನೋಡಿ, "ಇದು ಭಾರೀ ಚುರುಕು ಕಣೇ, ಯಾರಾದ್ರೂ ಕೂತು ಕಲಿಸಿದ್ರೆ ಏನು ಬೇಕಾದ್ರೂ ಕಲಿಯುತ್ತೆ" ಅಂದರು. ಕೂತು ಕಲಿಸುವವರು ಅಂದಾಗ ನನಗೆ ನಿನ್ನ ನೆನಪಾಯಿತು. ನನ್ನಂಥ ಮೊದ್ದಿಗೆ ಗಣಿತ ಕಲಿಸಿದವಳು ನೀನು.

ಕೆಲವು ಮಾತು ಹೇಳುತ್ತೇನೆ, ಬೈದುಕೊಂಡಾದರೂ ಪಾಲಿಸು. ಹೊಡೆಯಬೇಡ. ಚಪ್ಪಲಿ ಕಚ್ಚಿದರೆ ಅಟ್ಟಿಸಿಕೊಂಡು ಹೋಗಬೇಡ, ಅದು ಆಟ ಅಂದುಕೊಳ್ಳುತ್ತದೆ. ಕಚ್ಚುವುದಕ್ಕೆ ಬೇರೆ ಏನಾದರೂ ಕೊಡು. ಹೇಳಿದಂತೆ ಮಾಡಿದರೆ ಆ ಕ್ಷಣವೇ ಒಂದು ಚೂರು ಬಿಸ್ಕತ್ತು. ಇವತ್ತು ಬೇಡ ಎಂದದ್ದು ನಾಳೆಯೂ ಬೇಡವೇ ಆಗಿರಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಒಂದಿದೆ. ಅದು ಬಂದು ನಿನ್ನ ಮೊಣಕಾಲು ಕೆರೆದರೆ ಗದರಬೇಡ. ಎದ್ದು ಅದರ ಹಿಂದೆ ಹೋಗು.

ಹಗಲು ನೀನು ಕಾರ್ಖಾನೆಗೆ ಹೋದಾಗ ಕೆಳಗಿನ ಸಲೂನಿನವರು ನೋಡಿಕೊಳ್ಳುತ್ತಾರೆ, ಮಾತಾಡಿದ್ದೇನೆ. ನಿನ್ನ ಮನೆಯ ಇನ್ನೊಂದು ಕೀಲಿ ಹೇಗೂ ಅವರ ಹತ್ತಿರವೇ ಇದೆಯಲ್ಲ.

ನಿನ್ನೆ ಫೋನ್ ಮಾಡಿದೆ. ನೀನು ಎತ್ತಲಿಲ್ಲ.

ನಿನ್ನ ಮಗಳು


ಜೂನ್ ೨೮

ಮಗಳೇ,

ಗಡಿಬಿಡಿ ಮಾತು ಕೇಳುವ ಜಾತಿಯಲ್ಲ. ಕೂಗಿದರೆ ನಾನು ಹಾಡುತ್ತಿದ್ದೇನೆ ಎಂದುಕೊಂಡು ಕುಣಿಯುತ್ತದೆ. ಕೊನೆಗೆ ನಮ್ಮ ಶೆಡ್ಡಿನ ಕೈಭಾಷೆಯಲ್ಲೇ ಕಲಿಸಲು ಶುರು ಮಾಡಿದೆ. ಹೊಲಿಗೆ ಮೆಷಿನ್‌ಗಳ ಆ ಗದ್ದಲದಲ್ಲಿ ನಾವು ಬಾಯಿ ಬಿಟ್ಟು ಮಾತಾಡಿ ಎಷ್ಟು ವರ್ಷವಾಯಿತೋ. ತುಟಿ ನೋಡಿ ಹರಟೆ, ಕೈ ನೋಡಿ ಕೆಲಸ. ಕೆಟ್ಟ ಮೆಷಿನ್ ರಿಪೇರಿಗೆ ಹೋಗಿ ನಾನು ಅಂಗೈ ಕೆಳಗೆ ಮಾಡಿ ಒತ್ತಿ ತೋರಿಸಿದರೆ, ಆ ಮೆಷಿನ್‌ನವಳು ಪೆಡಲಿನಿಂದ ಕಾಲು ತೆಗೆದು ಕಲ್ಲಿನಂತೆ ಕೂರಬೇಕು. ನಾನು ಎರಡು ಬೆರಳು ಎತ್ತುವವರೆಗೆ ಅಲುಗಾಡುವ ಹಾಗಿಲ್ಲ. ಸೂಜಿಯ ಕೆಳಗೆ ಇರುವುದು ನನ್ನ ಬೆರಳಲ್ಲವೇ? ಗಡಿಬಿಡಿಗೂ ಅದೇ ಕಾನೂನು. ಅಂಗೈ ಎಂದರೆ ಕೂರು, ಎರಡು ಬೆರಳು ಎಂದರೆ ಏಳು. ಅರ್ಧ ಪೊಟ್ಟಣ ಬಿಸ್ಕತ್ತಿನಲ್ಲಿ ಕಲಿತುಬಿಟ್ಟಿತು. ಹೊಸದಾಗಿ ಸೇರಿದ ಹುಡುಗಿಯರಿಗಿಂತ ವಾಸಿ.

ಆದರೆ ನಾನು ಕಲಿಸದೇ ಇರುವುದನ್ನೂ ಅದು ಮಾಡುತ್ತದೆ. ಇದೇ ನನಗೆ ತಲೆಬುಡ ತಿಳಿಯದ ವಿಷಯ. ಚಹಾ ಕುಡಿಯುತ್ತಾ ಕೂತಿರುತ್ತೇನೆ, ಓಡಿ ಬಂದು ಮೊಣಕಾಲು ಕೆರೆಯುತ್ತದೆ, ಬಾಗಿಲಿಗೆ ಓಡುತ್ತದೆ, ಮತ್ತೆ ಬಂದು ಕೆರೆಯುತ್ತದೆ. ಬಾಗಿಲು ತೆರೆದರೆ ಗ್ಯಾಸಿನವನು ಸಿಡುಕು ಮೂತಿ ಹಾಕಿಕೊಂಡು ನಿಂತಿರುತ್ತಾನೆ. ಯಾರು ಕಲಿಸಿದರು? ನಾನಲ್ಲ. ಕೀಲಿ ಇರುವುದು ಸಲೂನಿನವನ ಹತ್ತಿರ. ಸಂಜೆ ಬಂದು ನೋಡಿದರೆ ಬಿಸ್ಕತ್ತಿನ ಡಬ್ಬಿ ನಾನು ಇಟ್ಟ ಜಾಗದಲ್ಲಿ ಇರುವುದಿಲ್ಲ. ನನ್ನ ಕುರ್ಚಿ ಬಾಗಿಲಿಗೆ ಬೆನ್ನು ತಿರುಗಿಸಿರುತ್ತದೆ. ಮೊನ್ನೆ ಅವನು ಮೆಟ್ಟಿಲ ಮೇಲೆ ಸಿಕ್ಕಾಗ ಹಲ್ಲು ಕಿರಿಯುತ್ತಾ, "ಏನಕ್ಕಾ, ನಿನ್ನೆ ಬಾಗಿಲು ಬಡಿದೆ, ಮಲಗಿಬಿಟ್ಟಿದ್ರಾ?" ಅಂದ. ನಾನು ಮಲಗಿದ್ದರೆ ಇವನಿಗೇನು, ಎದ್ದಿದ್ದರೆ ಇವನಿಗೇನು? ಹಾಡಹಗಲೇ ಮನೆಗೆ ನುಗ್ಗಿ ನಾಯಿಯನ್ನು ತಮ್ಮ ಕಡೆಗೆ ಒಲಿಸಿಕೊಳ್ಳುವವರು ಮುಂದೆ ಏನು ಮಾಡುತ್ತಾರೆ ಎಂದು ನಾನು ಹೇಳಬೇಕೇ?

ಶೆಡ್ಡಿನಲ್ಲೂ ಹೊಸ ಸೂಪರ್‌ವೈಸರ್ ನನ್ನ ಮೇಲೆ ಕಣ್ಣಿಟ್ಟಿದ್ದಾನೆ. ನಾನು ಸ್ಕ್ರೂಡ್ರೈವರಿನ ತುದಿಯನ್ನು ಮೆಷಿನ್‌ಗೆ ತಾಗಿಸಿ, ಹಿಡಿಯನ್ನು ದವಡೆಗೆ ಒತ್ತಿ ಪರೀಕ್ಷೆ ಮಾಡುತ್ತಿದ್ದೆ. "ಇದೇನು ಮೇಡಂ, ಹೊಸ ಸ್ಟೈಲು?" ಅಂದ. ಹೊಸದಾದರೇನು ಹಳೆಯದಾದರೇನು, ಮೆಷಿನ್ ಓಡಿತೋ ಇಲ್ಲವೋ?

ಎಲ್ಲರ ಮೇಲೂ ಕಣ್ಣಿಟ್ಟಿರುವ
ನಿನ್ನ ಅಮ್ಮ


ಜುಲೈ ೬

ಅಮ್ಮಾ,

ಸಲೂನಿನವರು ಪಾಪ, ಅವರ ಮೇಲೆ ಅನುಮಾನ ಬೇಡ. ನಾಯಿ ಅಂದಮೇಲೆ ಬಾಗಿಲ ಹತ್ತಿರ ಯಾರೋ ಬಂದದ್ದು ಗೊತ್ತಾಗಿಯೇ ಆಗುತ್ತದೆ. ಅದರಲ್ಲಿ ಕಲಿಸುವುದೇನು ಬಂತು? ಗಡಿಬಿಡಿ ಕೆರೆದಾಗ ಎದ್ದು ಹೋಗುತ್ತಿದ್ದೀಯಲ್ಲ, ಹಾಗೆಯೇ ಮಾಡು. ಮರೆಯದೆ ಬಿಸ್ಕತ್ತು ಕೊಡು. ಬೇರೆ ಏನೂ ಕೇಳಬೇಡ.

ನಿನ್ನ ಮಗಳು


ಜುಲೈ ೧೯

ಮಗಳೇ ಎಂದು ಬರೆಯಲು ಕೈ ಬರುತ್ತಿಲ್ಲ,

ಬೇರೆ ಏನೂ ಕೇಳಬೇಡ ಎಂದು ಯಾಕೆ ಬರೆದೆ ಎಂದು ಈಗ ಗೊತ್ತಾಯಿತು.

ಮೊನ್ನೆ ಶೆಡ್ಡಿನಲ್ಲಿ ಕರೆಂಟು ಹೋಗಿ ಮಧ್ಯಾಹ್ನವೇ ಮನೆಗೆ ಕಳಿಸಿದರು. ಬೆಕ್ಕಿನ ಹೆಜ್ಜೆ ಇಟ್ಟುಕೊಂಡು ಮೆಟ್ಟಿಲು ಹತ್ತಿದೆ. ಸಲೂನಿನವನ ಹೆಂಡತಿ ನನ್ನ ಬಾಗಿಲ ಮುಂದೆ ನಿಂತಿದ್ದಾಳೆ, ಕಂಕುಳಲ್ಲಿ ನನ್ನ ಬಿಸ್ಕತ್ತಿನ ಡಬ್ಬಿ, ಬೆರಳು ನನ್ನ ಕರೆಗಂಟೆಯ ಮೇಲೆ. ಬಾಗಿಲು ಅರ್ಧ ತೆರೆದಿದೆ. ಒಳಗೆ ನನ್ನ ಕುರ್ಚಿಯಲ್ಲಿ ಸಲೂನಿನವನು. ಬಾಗಿಲಿಗೆ ಬೆನ್ನು, ಎರಡೂ ಕಿವಿಗೆ ಹತ್ತಿ, ಕಣ್ಣು ಮುಚ್ಚಿಕೊಂಡಿದ್ದಾನೆ. ಅವಳು ಗಂಟೆ ಒತ್ತುತ್ತಾಳೆ, ಗಡಿಬಿಡಿ ಓಡಿಹೋಗಿ ಅವನ ಮೊಣಕಾಲು ಕೆರೆಯುತ್ತದೆ, ಅವನು ಎದ್ದು ಬಾಗಿಲಿಗೆ ಬರುತ್ತಾನೆ, ಅವಳು ಬಿಸ್ಕತ್ತು ಕೊಡುತ್ತಾಳೆ. ನನ್ನ ಮನೆಯಲ್ಲಿ, ನನ್ನ ಕುರ್ಚಿಯಲ್ಲಿ, ನನ್ನ ವೇಷ ಹಾಕಿಕೊಂಡು ನಾಟಕ!

ನನ್ನನ್ನು ಕಂಡು ಅವಳು ಡಬ್ಬಿ ಬೀಳಿಸಿದಳು. ಇವನು ಹತ್ತಿ ಕಿತ್ತುಕೊಂಡು ಎದ್ದ. "ಬೇಜಾರು ಮಾಡ್ಕೋಬೇಡಿ ಅಕ್ಕಾ, ಮಗಳು ಹೇಳಿದ್ಲು..." ಅಂದ.

"ಏನು ಹೇಳಿದ್ಲು?" ಅಂದೆ.

ಅವನು ಬಗ್ಗಿ, ಬಿದ್ದ ಡಬ್ಬಿಯ ಮುಚ್ಚಳ ಹುಡುಕತೊಡಗಿದ. ಗಡಿಬಿಡಿಯೊಂದೇ ಸಂತೋಷದಿಂದ ಬಿಸ್ಕತ್ತು ತಿನ್ನುತ್ತಿತ್ತು.

ನನಗೆ ಎಷ್ಟು ಅವಮಾನವಾಯಿತು ಗೊತ್ತೇ? ನನಗೆ ಹೇಳುವ ಮೊದಲು ಕೂದಲು ಕತ್ತರಿಸುವವನಿಗೆ ಹೇಳಿದೆ. ಅವನ ಅಂಗಡಿಯಲ್ಲಿ ಕೂತು ಗಡ್ಡ ಕೆರೆಸಿಕೊಳ್ಳುವ ಬೀದಿಯವರೆಲ್ಲ ಈಗ ನನ್ನ ಕಿವಿಯ ಮಾತು ಆಡುತ್ತಿರಬೇಕು. ನನ್ನ ಕಿವಿಗೆ ಏನೂ ಆಗಿಲ್ಲ. ಬರೆದಿಟ್ಟುಕೋ.

ಇನ್ನೂ ಒಂದಿದೆ. ನಮ್ಮ ಶೆಡ್ಡಿನಲ್ಲಿ ಎಲ್ಲರ ಕಿವಿ ಪರೀಕ್ಷೆ ಮಾಡಿಸುತ್ತಾರಂತೆ. ಮುಂದಿನ ತಿಂಗಳ ಕೊನೆಗೆ ಡಾಕ್ಟರು ಬರುತ್ತಾರೆ. ಪಾಸಾಗದಿದ್ದರೆ ಮೆಕ್ಯಾನಿಕ್ ಕೆಲಸ ಹೋಗುತ್ತದೆ, ಗುಂಡಿ ವಿಂಗಡಿಸುವ ಕೋಣೆಗೆ ಹಾಕುತ್ತಾರೆ. ಆ ಶೆಡ್ಡಿನ ಮೂಲೆಯಲ್ಲಿ ಒಂದು ಮೆಷಿನ್ ಕೆಮ್ಮಿದರೆ ಎಲ್ಲರೂ ತಿರುಗಿ ನೋಡುವುದು ನನ್ನನ್ನು. ಇಷ್ಟು ವರ್ಷ ದುಡಿದು ಸಂಪಾದಿಸಿದ್ದು ಅದೊಂದೇ. ಇದ್ದಕ್ಕಿದ್ದಂತೆ ಈ ವರ್ಷವೇ ಯಾಕೆ ಪರೀಕ್ಷೆ? ಸೂಪರ್‌ವೈಸರಿಗೂ ನೀನೇ ಬರೆದೆಯಾ?

ಸಲೂನಿನವನಿಂದ ಕೀಲಿ ವಾಪಸ್ ತೆಗೆದುಕೊಂಡೆ. ಅವನು ಇನ್ನೊಂದು ಮಾಡಿಸಿಟ್ಟಿರಬಹುದು ಎಂದು ಬೀಗವನ್ನೇ ಬದಲಾಯಿಸಿದೆ. ಅವನ ಪಾಠವನ್ನೂ ಅಳಿಸುತ್ತಿದ್ದೇನೆ. ಈಗ ಗಡಿಬಿಡಿ ಮೊಣಕಾಲಿಗೆ ಬಂದರೆ ಅಂಗೈ ತೋರಿಸುತ್ತೇನೆ. ಕೂರುತ್ತದೆ. ಇವತ್ತು ಬೇಡ ಎಂದದ್ದು ನಾಳೆಯೂ ಬೇಡ, ನೀನೇ ಹೇಳಿಕೊಟ್ಟದ್ದು.

ಅಮ್ಮ


ಜುಲೈ ೨೭

ಅಮ್ಮಾ,

ಸೂಪರ್‌ವೈಸರ್ ಯಾರೆಂದೇ ನನಗೆ ಗೊತ್ತಿಲ್ಲ. ನಾನು ಯಾರಿಗೂ ಬರೆದಿಲ್ಲ. ಸಲೂನಿನವರಿಗೆ ಹೇಳಿದ್ದು ನಿಜ. ಒಪ್ಪಿಕೊಂಡೆ. ಅವರ ಪಾಠ ಪೂರ್ತಿಯಾಯಿತು, ಗಡಿಬಿಡಿ ಒಂದು ಸಲವೂ ತಪ್ಪುವುದಿಲ್ಲ ಎಂದು ಅವರು ಹೇಳಿದಾಗ ನಾನು ಎಷ್ಟು ದಿನಗಳ ಮೇಲೆ ನೆಮ್ಮದಿಯಾಗಿ ಉಂಡೆ. ನೀನು ಎಷ್ಟು ಬೈದರೂ ಆ ಪಾಠ ಅಷ್ಟು ಸುಲಭಕ್ಕೆ ಅಳಿಯುವುದಿಲ್ಲ, ಅದು ನನಗೆ ಗೊತ್ತು.

ಪತ್ರದಲ್ಲಿ ಜಗಳ ಬೇಡ. ಆಗಸ್ಟ್ ೩, ಭಾನುವಾರ, ಬೆಳಗಿನ ರೈಲಿಗೆ ಬರುತ್ತೇನೆ. ಬೈಯುವುದನ್ನೆಲ್ಲ ಮುಖ ನೋಡಿ ಬೈಯಿ. ಬಾಗಿಲು ಮಾತ್ರ ತೆಗೆ.

ನಿನ್ನ ಮಗಳು


ಆಗಸ್ಟ್ ೩, ಭಾನುವಾರ ಸಂಜೆ

ಮಗಳೇ,

ಬರುತ್ತೇನೆ ಎಂದು ಬರೆದು ಬರದೇ ಇರುವುದು ಯಾವ ಆಸ್ಪತ್ರೆಯಲ್ಲಿ ಕಲಿತ ವಿದ್ಯೆ?

ಬೆಳಿಗ್ಗೆ ಎದ್ದು ನಿನ್ನ ಹಾಸಿಗೆಗೆ ಹೊಸ ಹೊದಿಕೆ ಹಾಕಿದೆ. ನಿನಗೆ ಇಷ್ಟ ಎಂದು ಬ್ರೆಡ್ಡು ಹುರಿದಿಟ್ಟೆ. ಬಾಗಿಲಲ್ಲಿ ನಿಂತು ದಾರಿ ಕಾಯುವಷ್ಟು ನಾನು ಸೋತಿಲ್ಲ ಎಂದು ತೋರಿಸಲು ಬಾಗಿಲಿಗೆ ಬೆನ್ನು ಹಾಕಿ ಕುರ್ಚಿಯಲ್ಲಿ ಕೂತೆ, ರೇಡಿಯೋ ಹಾಕಿಕೊಂಡೆ. ನೀನು ಬಂದು ಗಂಟೆ ಒತ್ತಿದರೆ ಒಂದು ಗಳಿಗೆ ಕಾಯಿಸಿ ಆಮೇಲೆ ತೆಗೆಯೋಣ ಎಂದಿದ್ದೆ. ಮಧ್ಯಾಹ್ನವಾಯಿತು. ಬ್ರೆಡ್ಡು ರಟ್ಟಾಯಿತು.

ಅದರ ಮೇಲೆ ಈ ಗಡಿಬಿಡಿಗೆ ಇವತ್ತು ಏನೋ ಹುಚ್ಚು. ಬೆಳಿಗ್ಗೆ ಒಂದೇ ಸಮನೆ ಬಂದು ಮೊಣಕಾಲು ಕೆರೆಯುವುದು, ಓಡುವುದು, ಮತ್ತೆ ಬಂದು ಕೆರೆಯುವುದು. ನನ್ನ ಸಿಟ್ಟೆಲ್ಲ ಅದರ ಮೇಲೆ ತಿರುಗಿತು. ಅಂಗೈ ಒತ್ತಿ ತೋರಿಸಿದೆ. ಕೂತಿತು ನೋಡು! ಮೈಯೆಲ್ಲ ನಡುಗುತ್ತಿತ್ತು, ಬಾಲ ನೆಲಕ್ಕೆ ಬಡಿಯುತ್ತಿತ್ತು, ಕಣ್ಣು ಬಾಗಿಲ ಕಡೆ, ಆದರೂ ಕೂತ ಜಾಗ ಬಿಡಲಿಲ್ಲ. ಅಷ್ಟು ಚೆನ್ನಾಗಿ ಅದು ಯಾವತ್ತೂ ಕೂತಿರಲಿಲ್ಲ. ಎರಡು ಬೆರಳು ಎತ್ತುವುದನ್ನೂ ಮರೆತು ಹಾಗೇ ಬಿಟ್ಟಿದ್ದೆ, ಪಾಪ.

ಒಂದು ನಾಯಿಗೆ ಇರುವ ನಿಯತ್ತು ನಿನಗಿಲ್ಲವಾಯಿತು.

ಕಾದು ಕೂತವಳು,
ನಿನ್ನ ಅಮ್ಮ


ಆಗಸ್ಟ್ ೩, ರೈಲಿನಲ್ಲಿ

ಅಮ್ಮಾ,

ವಾಪಸ್ ಹೋಗುತ್ತಿದ್ದೇನೆ. ಅಕ್ಷರ ಅಲುಗಾಡಿದರೆ ರೈಲಿನದು ಅಂದುಕೋ.

ಇಷ್ಟು ಕಲ್ಲು ಮನಸ್ಸು ನಿನ್ನದು ಎಂದು ಗೊತ್ತಿರಲಿಲ್ಲ. ಎಷ್ಟು ಹೊತ್ತು ಗಂಟೆ ಒತ್ತಿದೆ, ಎಷ್ಟು ಬಾಗಿಲು ಬಡಿದೆ. ಬೀಗ ಬದಲಾಯಿಸಿದ್ದು ಗೊತ್ತಿದ್ದರೂ ನಾನು ಬೆಳೆದ ಮನೆಯ ಬಾಗಿಲಿಗೆ ನನ್ನ ಹಳೆಯ ಕೀಲಿ ಹಾಕಿ ನೋಡಿದೆ, ತಿರುಗಲಿಲ್ಲ. ಒಳಗೆ ರೇಡಿಯೋ ಬೀದಿಗೆಲ್ಲ ಕೇಳುವಂತೆ ಹಾಡುತ್ತಿತ್ತು. ಭಾನುವಾರ ಸಲೂನಿಗೆ ರಜೆ, ಅವರಿಬ್ಬರೂ ಇರಲಿಲ್ಲ, ಯಾರನ್ನು ಕೇಳಲಿ?

ನಿನಗೆ ಗಂಟೆ ಕೇಳಿಸದೇ ಇರಬಹುದು ಎಂದು ಮೊದಲು ಸಮಾಧಾನ ಮಾಡಿಕೊಂಡೆ. ಹೌದು ಅಮ್ಮ, ಇವತ್ತು ಬರೆದೇಬಿಡುತ್ತೇನೆ, ನಿನಗೆ ಕಿವಿ ಕೇಳಿಸುವುದಿಲ್ಲ ಎಂದು ನನಗೆ ಗೊತ್ತು. ಆದರೆ ಗಡಿಬಿಡಿ ಇದೆಯಲ್ಲ? ಅದರ ಉಗುರು ನೆಲದ ಮೇಲೆ ಆ ಕಡೆಗೂ ಈ ಕಡೆಗೂ ಓಡಿದ್ದು ಕೇಳಿಸಿತು. ಆಮೇಲೆ ಬಾಲ ನೆಲಕ್ಕೆ ಬಡಿಯುವ ಸದ್ದು, ಧಪ್ ಧಪ್ ಎಂದು, ನಾನು ಅಲ್ಲಿರುವವರೆಗೂ. ಅಂದರೆ ಅದು ಬಂದು ನಿನಗೆ ಹೇಳಿದೆ. ಹೇಳಿದ ಮೇಲೂ ನೀನು ಏಳಲಿಲ್ಲ.

ಇನ್ನು ನಾನಾಗಿ ಬರುವುದಿಲ್ಲ.

ಮಗಳು


ಆಗಸ್ಟ್ ೯

ನನ್ನ ಮಗಳೇ,

ನಿನ್ನ ಪತ್ರ ಓದಿ ಮೊದಲು ನಂಬಲಿಲ್ಲ. ಬರದೇ ಇದ್ದದ್ದಕ್ಕೆ ಕತೆ ಕಟ್ಟುತ್ತಿದ್ದಾಳೆ ಎಂದುಕೊಂಡೆ. ನನ್ನ ಬುದ್ಧಿ ಮೊದಲು ಓಡುವುದೇ ಆ ಕಡೆಗೆ. ಎರಡನೆಯ ಸಲ ಓದುವಾಗ ಬಾಲದ ಮಾತಿಗೆ ಬಂದು ನಿಂತುಬಿಟ್ಟೆ.

ಗಡಿಬಿಡಿ ನನ್ನ ಕಾಲ ಬುಡದಲ್ಲೇ ಕೂತಿತ್ತು. ಅದರ ಬಾಲ ನೆಲಕ್ಕೆ ಬಡಿಯುವುದು ನನಗೆ ಕಂಡಿತ್ತು. ಕೇಳಿಸಿರಲಿಲ್ಲ. ಮುಚ್ಚಿದ ಬಾಗಿಲ ಆಚೆ ನಿಂತ ನಿನಗೆ ಕೇಳಿಸಿದೆ.

ಕೆಳಗೆ ಹೋದೆ. ಸಲೂನಿನವನು ಯಾರದೋ ಗಡ್ಡಕ್ಕೆ ಸೋಪು ಹಚ್ಚುತ್ತಿದ್ದ, ನನ್ನನ್ನು ಕಂಡು ಕತ್ತಿ ಕೆಳಗಿಟ್ಟ. "ಒಂದ್ನಿಮಿಷ ಬಂದು ನಮ್ಮನೆ ಗಂಟೆ ಒತ್ತಪ್ಪಾ" ಅಂದೆ.

"ಬೈಯಲ್ಲ ತಾನೆ ಅಕ್ಕಾ?" ಅಂದ.

"ಬೈದ್ರೆ ಬೈಸ್ಕೋ, ಬಾ" ಅಂದೆ.

ಬಾಗಿಲಿಗೆ ಬೆನ್ನು ಹಾಕಿ ಕೂತೆ, ಎರಡೂ ಕೈ ಮಡಿಲಲ್ಲಿ. ಏನೂ ಕೇಳಿಸಲಿಲ್ಲ. ಗಡಿಬಿಡಿ ತಲೆ ಎತ್ತಿತು, ಬಾಗಿಲು ನೋಡಿತು, ನನ್ನ ಹತ್ತಿರ ಓಡಿಬಂತು. ಮುಂಗಾಲು ಎತ್ತಿ ಇನ್ನೇನು ಕೆರೆಯಬೇಕು, ನನ್ನ ಕೈ ಕಡೆ ನೋಡಿತು. ನಾನು ಅಂಗೈ ತೋರಿಸಿರಲಿಲ್ಲ ಕಣೇ, ಕೈ ಅಲುಗಾಡಿಸಿಯೂ ಇರಲಿಲ್ಲ. ಅದು ತಾನಾಗಿಯೇ ಕಾಲು ಇಳಿಸಿಕೊಂಡು ಕೂತುಬಿಟ್ಟಿತು. ನನಗೆ ಅಳು ತಡೆಯಲಾಗಲಿಲ್ಲ. ಅಷ್ಟು ಚುರುಕಾದ ಮರಿಗೆ ನಾನು ಕಲಿಸಿದ ವಿದ್ಯೆ ನೋಡು.

ನನಗೆ ಕೇಳಿಸುವುದಿಲ್ಲ. ಬರೆದುಬಿಟ್ಟೆ. ಮೊದಲು ಮೆಷಿನ್ ಸದ್ದು ಮಬ್ಬಾಯಿತು, ಶೆಡ್ಡಿನ ಗೋಡೆಗೆ ಏನೋ ಹೊದಿಸಿದ್ದಾರೆ ಎಂದುಕೊಂಡೆ. ಆಮೇಲೆ ಫೋನಿನಲ್ಲಿ ನಿನ್ನ ದನಿ ಹೋಯಿತು, ಲೈನ್ ಸರಿಯಿಲ್ಲ ಎಂದೆ. ಜನ ಬೇಕೆಂದೇ ಮೆಲ್ಲಗೆ ಮಾತಾಡುತ್ತಾರೆ, ನನ್ನ ವಿಷಯವೇ ಆಡಿಕೊಳ್ಳುತ್ತಾರೆ ಎಂದು ಎಲ್ಲರ ಮೇಲೂ ಅನುಮಾನ ಪಟ್ಟೆ. ನನ್ನ ಕಿವಿಯೊಂದನ್ನು ಬಿಟ್ಟು. ತುಟಿ ಓದಲು ಬರುತ್ತಿದ್ದುದರಿಂದ ಯಾರಿಗೂ ತಿಳಿಯಲಿಲ್ಲ, ನಿನಗೊಬ್ಬಳಿಗೆ ತಿಳಿಯಿತು.

ನೀನು ಬಾಗಿಲಲ್ಲಿ ನಿಂತಿದ್ದೆ. ನಾನು ಒಳಗೆ ಕೂತು ನಿನ್ನನ್ನು ಬೈಯುತ್ತಿದ್ದೆ.

ನಿನ್ನ ಅಮ್ಮ


ಆಗಸ್ಟ್ ೧೪

ಅಮ್ಮಾ,

ಅಳಬೇಡ. ನನ್ನದೂ ತಪ್ಪಿದೆ. ನಿನ್ನ ಮುಖಕ್ಕೆ ಹೇಳುವ ಧೈರ್ಯವಿಲ್ಲದೆ ಒಂದು ನಾಯಿಮರಿಯ ಕೈಲಿ ಹೇಳಿಸಲು ಹೋದೆ. ಪಾಪ, ಅದು ಯಾರ ಮಾತು ಕೇಳಬೇಕು?

ಗಡಿಬಿಡಿ ಮತ್ತೆ ಕಲಿಯುತ್ತದೆ. ಅವಸರ ಮಾಡಬೇಡ. ಗಂಟೆ ಒತ್ತಿಸುವ ಮೊದಲೇ ಎರಡು ಬೆರಳು ಎತ್ತಿ ಹಿಡಿದಿರು, ಏಳಬಹುದು ಎಂದು ಅದಕ್ಕೆ ಧೈರ್ಯ ಬರಲಿ. ತಪ್ಪಾಗಿ ಕೆರೆದರೂ ಬಿಸ್ಕತ್ತು ಕೊಡು.

ನಿನ್ನ ಮಗಳು


ಆಗಸ್ಟ್ ೨೨

ಮಗಳೇ,

ಡಾಕ್ಟರು ಬರುವ ಮೊದಲೇ ನಾನೇ ಹೋಗಿ ಸೂಪರ್‌ವೈಸರಿಗೆ ಹೇಳಿಬಿಟ್ಟೆ. ಅವನು ಬಾಯಿ ತೆರೆದುಕೊಂಡು, "ಹಾಗಾದ್ರೆ ಇಷ್ಟು ದಿನ ಮೆಷಿನ್ ಹೇಗೆ ಸರಿ ಮಾಡ್ತಿದ್ರಿ?" ಅಂದ. ಓಡುವ ಮೆಷಿನ್‌ಗೆ ತಾಗಿಸಿದ ಸ್ಕ್ರೂಡ್ರೈವರನ್ನು ಅವನ ದವಡೆಗೇ ಒತ್ತಿ, ಮೆಷಿನ್ನಿನ ನಡುಕ ಮೂಳೆಗೆ ಹೇಗೆ ತಿಳಿಯುತ್ತದೆ ಎಂದು ತೋರಿಸಿದೆ. ಮೇಲಿನವರನ್ನು ಕೇಳಬೇಕು ಅಂದಿದ್ದಾನೆ. ಗುಂಡಿ ಕೋಣೆಗೆ ಹಾಕಿದರೂ ಹಾಕಬಹುದು. ನೆನೆಸಿಕೊಂಡರೆ ಸಂಕಟವಾಗುತ್ತದೆ. ಆದರೆ ಎಲ್ಲರ ತುಟಿಯನ್ನು ಕಳ್ಳಿಯಂತೆ ಕದ್ದು ನೋಡುವುದು ತಪ್ಪಿತಲ್ಲ, ಆ ಮಟ್ಟಿಗೆ ಹಗುರ.

ಗಡಿಬಿಡಿಗೆ ಮತ್ತೆ ಪಾಠ ನಡೆದಿದೆ. ಸಲೂನಿನವನು ಗಂಟೆ ಒತ್ತುತ್ತಾನೆ, ನಾನು ಬೆರಳು ಎತ್ತಿಕೊಂಡು ಕೂರುತ್ತೇನೆ. ಮೊದಮೊದಲು ನನ್ನ ಕೈಯನ್ನೇ ಅನುಮಾನದಿಂದ ನೋಡುತ್ತಿತ್ತು. ಆ ನೋಟ ನಮ್ಮ ಮನೆಯದೇ, ಗುರುತು ಸಿಕ್ಕಿತು. ಮೊನ್ನೆ ಹೆದರಿ ಹೆದರಿ ಒಂದು ಉಗುರು ತಾಗಿಸಿತು. ನಿನ್ನೆ ಎರಡೂ ಕಾಲು. ಇವತ್ತು ಬೆಳಿಗ್ಗೆ ಕೆರೆಯಿತು, ನಾನು ಎದ್ದು ಓಡಿದೆ, ಬಾಗಿಲಲ್ಲಿ ಯಾರೂ ಇರಲಿಲ್ಲ. ಬಿಸ್ಕತ್ತಿಗಾಗಿ ನನಗೇ ಮೋಸ! ಆದರೂ ಕೊಟ್ಟೆ. ಡಬ್ಬಿ ಮಾತ್ರ ಲೆಕ್ಕಕ್ಕಿಂತ ಬೇಗ ಖಾಲಿಯಾಗುತ್ತಿದೆ. ಸಲೂನಿನವನೂ ತಿನ್ನುತ್ತಾನೆ ಎಂಬ ನನ್ನ ಅನುಮಾನ ಇನ್ನೂ ಹೋಗಿಲ್ಲ.

ಹೊಸ ಬೀಗದ ಕೀಲಿಯನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಅದು ನಿನ್ನದು. ಮೂವತ್ತೊಂದನೇ ತಾರೀಕು ಭಾನುವಾರ, ಬಾ. ಆದರೆ ಅವತ್ತು ಮಾತ್ರ ಕೀಲಿ ಹಾಕಬೇಡ. ಗಂಟೆ ಒತ್ತು. ತಡವಾದರೆ ಇನ್ನೊಂದು ಸಲ ಒತ್ತು, ಹೋಗಬೇಡ. ನಾನು ಬಾಗಿಲಿಗೆ ಬೆನ್ನು ಹಾಕಿ ಕೂತಿರುತ್ತೇನೆ, ಎರಡು ಬೆರಳು ಎತ್ತಿ ಹಿಡಿದುಕೊಂಡು.

ನಿನ್ನ ಅಮ್ಮ